ಹಾರಕ್ಕೊಂದು ಸೀಟು

ನಿನ್ನೆ ಫ್ರಿಜ್ಜು ಒರೆಸುವಾಗ ತರಕಾರಿ ಇಡುವ ಟ್ರೇಯ ಮೂಲೆಯಲ್ಲಿ ಒಂದು ಸುಗಂಧರಾಜದ ಮೊಗ್ಗು ಸಿಕ್ಕಿತು. ಒಣಗಿ, ಕಂದಿ, ಹಳೇ ಬೀನ್ಸಿನ ತುಂಡಿನ ಹಾಗಾಗಿತ್ತು. ಬೇರೆಯವರಿಗೆ ಹೂವು ಕಂಡರೆ ಮನಸ್ಸು ತಂಪಾಗುತ್ತದೆ. ನನಗೆ ಅದನ್ನು ನೋಡಿದ್ದೇ ತಡ, ಸಿಟ್ಟು ನೆತ್ತಿಗೇರಿತು. ಒರೆಸುವ ಬಟ್ಟೆಯನ್ನು ಅಲ್ಲೇ ಬಿಸಾಕಿ ಕುರ್ಚಿ ಎಳೆದುಕೊಂಡು ಕೂತೆ. ಬಾಗಿಲು ತೆರೆದಿದ್ದ ಫ್ರಿಜ್ಜು ಕುಂಯ್ ಕುಂಯ್ ಎಂದು ದೂರತೊಡಗಿತು. ದೂರಲಿ. ನನ್ನ ದೂರು ಕೇಳುವವರು ಯಾರಾದರೂ ಬೇಕಿತ್ತು, ನೀವು ಸಿಕ್ಕಿದ್ದೀರಿ.

ನಾನು ಹಾಸನದ ಬಸ್ ನಿಲ್ದಾಣದಲ್ಲಿ ಮುಂಗಡ ಟಿಕೆಟ್ ಕೊಡುವ ಕೌಂಟರಿನಲ್ಲಿ ಕೂತು ಕೂತು ರಿಟೈರಾದವಳು. ಹಾಗಾಗಿ ನಮ್ಮ ನೆಂಟರ ಪಾಲಿಗೆ ನಾನು ಟಿಕೆಟ್ಟಿನ ಅಧಿದೇವತೆ. ಬಸ್ಸಿನದೇ ಆಗಬೇಕೆಂದಿಲ್ಲ. ರೈಲಿನದು, ಬೆಟ್ಟದ ದೇವರ ದರ್ಶನದ್ದು, ಕ್ರಿಕೆಟ್ಟಿನದು, ಎಲ್ಲಕ್ಕೂ ನನಗೇ ಫೋನು. ಚನ್ನರಾಯಪಟ್ಟಣದಲ್ಲಿರುವ ನನ್ನ ಓರಗಿತ್ತಿಯ ತಮ್ಮ ಒಮ್ಮೆ ತಾಲ್ಲೂಕು ಪಂಚಾಯ್ತಿ ಎಲೆಕ್ಷನ್ನಿಗೂ ಟಿಕೆಟ್ ಕೊಡಿಸಿ ಅಂತ ಒಂದು ಚೀಲ ಕಿತ್ತಳೆ ಹಣ್ಣು ತಂದಿದ್ದ. ನಾನೂ ಸುಮ್ಮನಿರುವವಳಲ್ಲ. ಕೌಂಟರಿನ ಒಳಗೆ ಕೂತವರಿಗೆ ಒಂದು ಗತ್ತು ಬಂದಿರುತ್ತದೆ ನೋಡಿ, ಅದು ಪಿಂಚಣಿ ಶುರುವಾದ ಮೇಲೂ ಇಳಿಯುವುದಿಲ್ಲ. 'ನೋಡೋಣ ಬಿಡಿ, ನಾನಿದ್ದೀನಲ್ಲ' ಎಂದು ಊರಿಗೆಲ್ಲ ಹೇಳಿ ಹೇಳಿ ಕೊನೆಗೆ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಹೀಗಿರುವಾಗ ಹೋದ ತಿಂಗಳು ಒಂದು ಬೆಳಿಗ್ಗೆ ನಂಜೇಗೌಡ ಮಾವ ಬಂದರು. ನಮ್ಮ ತಾಯಿಯ ತಮ್ಮ. ಹಳ್ಳಿಮೈಸೂರಿನ ಕಡೆ ಊರು. ಎಂಬತ್ತರ ಹತ್ತಿರದ ವಯಸ್ಸು, ಆದರೂ ಬಸ್ಸಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ 'ನಾನೇನು ಮುದುಕನಾ' ಎಂದು ಜಗಳ ತೆಗೆಯುವ ಜಾತಿ. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಾಳೆ ಎಲೆ ಸುತ್ತಿದ ಒಂದು ಗಂಟು. ಚಪ್ಪಲಿ ಬಿಟ್ಟವರೇ ಸೀದಾ ಅಡುಗೆಮನೆಗೆ ಹೋಗಿ, ಫ್ರಿಜ್ಜಿನಿಂದ ನನ್ನ ಸೊಪ್ಪು, ಬೀನ್ಸು, ಕ್ಯಾರೆಟ್ಟನ್ನೆಲ್ಲ ಎತ್ತಿ ಕಟ್ಟೆಯ ಮೇಲೆ ಹಾಕಿ, ಮಗುವನ್ನು ಮಲಗಿಸುವಂತೆ ಆ ಗಂಟನ್ನು ಟ್ರೇಯಲ್ಲಿ ಮಲಗಿಸಿದರು.

"ಏನ್ ಮಾವ ಅದು?"

"ಹಾರ ಕಣವ್ವ. ಒಳೆನರ್ಸೀಪುರದಲ್ಲಿ ಕಟ್ಟುಸ್ಕಂಡ್ ಬಂದೆ. ನಿಮ್ಮೂರೋರು ನೀರ್ ಒಡ್ದೂ ಒಡ್ದೂ ಊವ ಕೊಳೆಸ್ಬುಡ್ತಾರೆ. ಸಂಜೆಗಂಟ ಬಾಡ್ಬಾರ್ದು."

"ಯಾರಿಗೆ ಹಾರ?"

"ಅರಕಲಗೂಡು ಪಂಕಜಮ್ಮಂಗೆ. ಇವತ್ತು ಸಂಜೆ ನಿಮ್ಮೂರಲ್ಲಿ ಅವ್ಳ್ ನಾಟ್ಕ ಐತಂತಲ್ಲ. ಒಬ್ಳೇ ಆಡ್ತಾಳಂತೆ. ನಂಗೊಂದ್ ಟಿಕೇಟ್ ಮಾಡ್ಸು."

'ನೋಡೋಣ ಬಿಡಿ ಮಾವ, ನಾನಿದ್ದೀನಲ್ಲ' ಎಂದು ನನ್ನ ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಪಂಕಜಮ್ಮ ಯಾರೆಂದು ಹೇಳದೆ ಮುಂದೆ ಹೋದರೆ ನಿಮಗೆ ನನ್ನ ಸಿಟ್ಟು ಅರ್ಥವಾಗುವುದಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಎಂದರೆ ನೋಡುವವನು ದುಡ್ಡು ಕೊಡುವುದಿಲ್ಲ, ಆಡುವವನು ಕೊಡುತ್ತಾನೆ. ರೈತರೇ ಪಾತ್ರಧಾರಿಗಳು. ಒಂದೊಂದು ಪಾತ್ರಕ್ಕೂ, ಅಂದರೆ ಪಾರ್ಟಿಗೂ, ಒಂದೊಂದು ರೇಟು. ಕಿರೀಟ ದೊಡ್ಡದಾದಷ್ಟೂ ರೇಟು ಜಾಸ್ತಿ. ಕೈಗೆ ಗದೆ ಬರುವ ಪಾರ್ಟೆಂದರೆ ಮುಗಿಯಿತು, ಅದಕ್ಕೆ ಊರಲ್ಲಿ ಪೈಪೋಟಿ. ನಮ್ಮ ಮಾವ ಒಂದು ವರ್ಷ ಹಾಲು ಕರೆಯುವ ಎಮ್ಮೆಯನ್ನೇ ಸಂತೆಗೆ ಹೊಡೆದು ಮಾರಿ ಗದೆಯ ಪಾರ್ಟು ಹಿಡಿದರು. ಆ ವರ್ಷವಿಡೀ ನಮ್ಮ ಅತ್ತೆ ಹಾಲಿಲ್ಲದ ಕಾಫಿ ಕುಡಿದುಕೊಂಡು, ಪ್ರತಿ ಲೋಟಕ್ಕೂ ಒಮ್ಮೆ ಗದೆಗೆ ಶಾಪ ಹಾಕಿದರು. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಊರಲ್ಲೇ ಉಳಿದು ತಾಲೀಮು ಮಾಡಿಸುತ್ತಿದ್ದರು. ಗಂಡಸರಿಗೆ ಎಷ್ಟು ತಾಲೀಮು ಮಾಡಿಸಿದರೂ ಹೆಂಗಸರ ಪಾತ್ರಕ್ಕೆ ಮಾತ್ರ ಹೊರಗಿನಿಂದ ಸಂಬಳ ಕೊಟ್ಟು ಕಲಾವಿದೆಯರನ್ನು ಕರೆಸಬೇಕು. ಊರ ಹೆಣ್ಣುಮಕ್ಕಳು ಬಣ್ಣ ಹಚ್ಚುವುದುಂಟೆ? ಹಾಗೆ ನಮ್ಮ ಸೀಮೆಯಲ್ಲೆಲ್ಲ ರಾಣಿಯಾಗಿ ಅತ್ತು, ದಾಸಿಯಾಗಿ ನಕ್ಕು, ಇವತ್ತು ಈ ಊರು ನಾಳೆ ಆ ಊರು ಎಂದು ಬಸ್ಸಿನಲ್ಲೇ ನಿದ್ದೆ ಮುಗಿಸಿದವರು ಅರಕಲಗೂಡು ಪಂಕಜಮ್ಮ. ಪಾಂಪ್ಲೆಟ್ಟಿನಲ್ಲಿ ಗಂಡಸರ ಫೋಟೋಗಳು ಸಾಲಾಗಿ ತುಂಬಿ ತುಳುಕಿದ ಮೇಲೆ ಕಟ್ಟಕಡೆಯ ಸಾಲಿನಲ್ಲಿ, ಪರದೆ ಕಟ್ಟುವ ಸೀನರಿಯವರ ಹೆಸರಿಗಿಂತ ಸ್ವಲ್ಪ ಮೇಲೆ, ಅವರ ಹೆಸರಿರುತ್ತಿತ್ತು.

ನಿಜ ಹೇಳಬೇಕೆಂದರೆ ನಾಟಕ ನಡೆಯುತ್ತಿದ್ದುದೇ ಅವರಿಂದ. ನಮ್ಮ ಮಾವನಿಗೆ ಗದೆ ಹಿಡಿಯಲು ಬರುತ್ತಿತ್ತು, ಮೀಸೆ ತಿರುವಲು ಬರುತ್ತಿತ್ತು, ಮಾತೊಂದು ಬಿಟ್ಟು ಎಲ್ಲ ಬರುತ್ತಿತ್ತು. ಪೆಟ್ರೋಮ್ಯಾಕ್ಸ್ ಹೋಗಿ ಟ್ಯೂಬ್‌ಲೈಟು ಬಂದ ಕಾಲ. ಆ ಬೆಳಕು ಮುಖಕ್ಕೆ ಬಿದ್ದ ತಕ್ಷಣ ಕಲಿತದ್ದೆಲ್ಲ ಹಾರಿಹೋಗುತ್ತಿತ್ತು. ಗದೆ ಎತ್ತಿದ ಕೈ ಎತ್ತಿದಂತೆ ನಿಂತುಬಿಡುವರು. ಆಗ ರಾಣಿಯಾಗಿದ್ದ ಪಂಕಜಮ್ಮ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ, "ಸ್ವಾಮೀ, ನಾಳೆ ಸೂರ್ಯ ಮೂಡುವ ಮೊದಲೇ ಯುದ್ಧಕ್ಕೆ ಹೊರಡುವೆನೆಂದಲ್ಲವೇ ತಾವು ಹೇಳಹೊರಟಿರುವುದು?" ಎಂದು ರಾಗವಾಗಿ ಕೇಳುವರು. ಮಾವ ಗದೆ ಇಳಿಸಿ "ಹೌದು ಹೌದು" ಎನ್ನುವರು. ಜನ ಚಪ್ಪಾಳೆ ಹೊಡೆಯುವರು. ಆಕೆ ಹೀಗೆ ಎಷ್ಟು ಊರಿನ ಎಷ್ಟು ರಾಜರ ಮರ್ಯಾದೆ ಉಳಿಸಿದ್ದರೋ ಅವರಿಗೇ ಗೊತ್ತು.

ಇನ್ನು ಹಾರದ ವಿಷಯ. ನಾಟಕದ ನಡುವೆಯೇ ನೆಂಟರು ಸ್ಟೇಜು ಹತ್ತಿ ಪಾತ್ರಧಾರಿಗೆ ಹಾರ ಹಾಕುವುದು ನಮ್ಮಲ್ಲಿ ಪದ್ಧತಿ. ರಾಜ ಯುದ್ಧಕ್ಕೆ ಹೊರಟಿರಲಿ, ಸಾಯುತ್ತಿರಲಿ, ನಾಟಕ ನಿಲ್ಲುತ್ತದೆ. ಸಾಯುತ್ತಿದ್ದವನು ಎದ್ದು ಕೂತು ಕತ್ತು ಬಗ್ಗಿಸುತ್ತಾನೆ. ಮೈಕಿನಲ್ಲಿ ಒಬ್ಬರು ಯಾರು ಯಾರಿಗೆ ಏನಾಗಬೇಕೆಂದು ಕೂಗುತ್ತಾರೆ: "ಪಾತ್ರಧಾರಿಗಳಾದ ನಂಜೇಗೌಡರಿಗೆ ಅವರ ಅಕ್ಕ ಬಾವನವರಿಂದ ಹೂವಿನ ಹಾರ, ಅವರ ಷಡ್ಡಕರಿಂದ ಒಂದು ಉಂಗುರ." ಸಂಬಂಧ ಕೂಗದೆ ಹಾರವಿಲ್ಲ. ನೆಂಟರು ಹೆಚ್ಚಿದ್ದರೆ ನಾಟಕ ಅರ್ಧ ಗಂಟೆ ನಿಂತದ್ದೂ ಉಂಟು.

ನಾನು ಸಣ್ಣವಳಿದ್ದಾಗ ಅಮ್ಮನ ಜೊತೆ ಹಾರ ಹಿಡಿದು ಸ್ಟೇಜು ಹತ್ತಿದ್ದೆ. ಮಾವನ ಕೊರಳಿಗೆ ಹಾರದ ಮೇಲೆ ಹಾರ ಬಿದ್ದು ಮೂಗು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಪಂಕಜಮ್ಮ ನಿಂತಿದ್ದರು. ಅರ್ಧ ಮಾತಿಗೆ ನಾಟಕ ನಿಂತಿತ್ತಲ್ಲ, ಬೇಡಿಕೊಳ್ಳಲು ಎತ್ತಿದ ಕೈಯನ್ನು ಇಳಿಸದೆ, ಕಣ್ಣಿನ ನೀರನ್ನೂ ಒರೆಸಿಕೊಳ್ಳದೆ ಹಾಗೇ ಕಾಯುತ್ತಿದ್ದರು. ಕೊರಳು ಬರಿದಾಗಿತ್ತು. ಕೆಳಗಿಳಿದ ಮೇಲೆ ನಾನು ಅಜ್ಜಿಯನ್ನು ಕೇಳಿದೆ, ಅವರಿಗೆ ಯಾಕೆ ಯಾರೂ ಹಾಕಲಿಲ್ಲ ಅಂತ. ಅಜ್ಜಿ ಎಲೆಯಡಿಕೆ ಅಗಿಯುತ್ತ ಹೇಳಿತು: "ಅವ್ಳಿಗೆ ಈ ಊರಲ್ಲಿ ಯಾರವ್ರೆ ನೆಂಟ್ರು?" ಅಜ್ಜಿಯ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಮಳೆ ಯಾಕೆ ಬರಲಿಲ್ಲ ಎಂದು ಕೇಳಿದರೆ ಮೋಡ ಇಲ್ಲ ಎಂದ ಹಾಗೆ ಹೇಳಿತ್ತು.

ಇಂಥ ಪಂಕಜಮ್ಮನನ್ನು ನಮ್ಮ ಹಾಸನದ ಒಂದಿಷ್ಟು ಓದಿದ ಹುಡುಗರು ಈಗ ಹುಡುಕಿ ತಂದಿದ್ದರು. ಹಳೆಯ ಆಲೂಗಡ್ಡೆ ಗೋಡೌನೊಂದನ್ನು ಬಾಡಿಗೆಗೆ ಹಿಡಿದು, ಒಳಗೆಲ್ಲ ಕಪ್ಪು ಬಣ್ಣ ಬಳಿದು, ಅದಕ್ಕೆ ಆಪ್ತ ರಂಗಮಂದಿರ ಎಂದು ಹೆಸರಿಟ್ಟಿದ್ದರು. ಐವತ್ತು ಅರವತ್ತು ಕುರ್ಚಿ ಹಿಡಿಯುವ ಜಾಗ. ಸ್ಟೇಜು ಎಂಬ ಎತ್ತರವೇ ಇಲ್ಲ, ಮುಂದಿನ ಸಾಲಿನವರು ಕಾಲು ಚಾಚಿದರೆ ಪಾತ್ರಧಾರಿಯ ಸೀರೆಗೆ ತಗಲುತ್ತದೆ. ಆಡುವವರ ಉಸಿರು ನೋಡುವವರಿಗೆ ಕೇಳಿಸಬೇಕಂತೆ. ಅಲ್ಲಿ ಪಂಕಜಮ್ಮ ತಾವು ಬದುಕಿದ್ದನ್ನು ತಾವೊಬ್ಬರೇ ಆಡಿ ತೋರಿಸುತ್ತಾರೆ. ಅವತ್ತೊಂದು ಆಟ, ಮಾರನೇ ದಿನವೊಂದು.

ಬಹಳ ಸಂತೋಷ ಎಂದುಕೊಂಡು ಫೋನಿಗೆ ಬಂದಿದ್ದ ಪೋಸ್ಟರಿನ ಕೆಳಗಿನ ಟಿಕೆಟ್ ಲಿಂಕು ಒತ್ತಿದೆ. ಎರಡೂ ಆಟಕ್ಕೆ ಕೆಂಪಕ್ಷರದಲ್ಲಿ 'ಸೋಲ್ಡ್ ಔಟ್'. ಮುಚ್ಚಿ ಮತ್ತೆ ತೆರೆದೆ. ನನ್ನ ಪುಣ್ಯಕ್ಕೆ ಯಾರೋ ಕ್ಯಾನ್ಸಲ್ ಮಾಡಿದ್ದರೋ ಏನೋ, ಒಂದು ಸೀಟು ಹಸಿರಾಯಿತು. ಹೆಸರು ಹಾಕಿದೆ, ವಯಸ್ಸು ಹಾಕಿದೆ, ಇ-ಮೇಲ್ ಹಾಕಿದೆ. ಆಮೇಲೆ ಆ ಫೋನು, ನೀವು ರೋಬೋಟ್ ಅಲ್ಲವೆಂದು ತೋರಿಸಿ, ಬಸ್ಸು ಇರುವ ಚಿತ್ರಗಳನ್ನೆಲ್ಲ ಒತ್ತಿ ಅಂತು. ಯಾರಿಗೆ ಹೇಳುತ್ತಿದ್ದೇನೆ ಎಂಬ ಜ್ಞಾನ ಬೇಡವೇ ಅದಕ್ಕೆ? ಜನ್ಮವಿಡೀ ಬಸ್ಸುಗಳ ಹೊಗೆ ಕುಡಿದವಳು ನಾನು. ಅದರಲ್ಲಿ ಒಂದು ಬಸ್ಸಲ್ಲ, ಮೆಟಡೋರು. ಒತ್ತಲಿಲ್ಲ. ಫೋನು ಅದೂ ಬಸ್ಸೇ ಎಂದು ಹಟ ಹಿಡಿಯಿತು. ನಾನೂ ಬಿಡಲಿಲ್ಲ. ಕೊನೆಗೆ ನಾನು ರೋಬೋಟ್ ಎಂದು ತೀರ್ಮಾನವಾಗಿ, ಸೀಟು ಮತ್ತೆ ಕೆಂಪಾಯಿತು. ಮೆಟಡೋರನ್ನು ಬಸ್ಸೆಂದು ಒಪ್ಪಿಕೊಂಡ ಯಾರೋ ಅಯೋಗ್ಯನಿಗೆ ಅದು ಸಿಕ್ಕಿರಬೇಕು.

ಪೋಸ್ಟರಿನಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಸುಹಾಸ್ ಎಂಬ ಹುಡುಗ ಎತ್ತಿದ. ಆ ಗೋಡೌನಿನ ವ್ಯವಸ್ಥೆಯೆಲ್ಲ ಅವನದೇ. ಜೇನುತುಪ್ಪದಂಥ ಮಾತು.

"ವೆರಿ ಸಾರಿ ಮ್ಯಾಮ್. ಎರಡೂ ಶೋ ಫುಲ್."

"ನೋಡಪ್ಪ, ವಯಸ್ಸಾದವರು. ಪಂಕಜಮ್ಮನ ಜೊತೇಲೇ ಪಾರ್ಟು ಮಾಡಿದವರು. ಮೂಲೇಲಿ ಒಂದು ಸ್ಟೂಲ್ ಹಾಕಿದ್ರೂ ಕೂತ್ಕೋತಾರೆ."

"ಎಕ್ಸ್‌ಟ್ರಾ ಸೀಟ್ ಹಾಕಿದ್ರೆ ಸ್ಪೇಸಿನ ಆಪ್ತತೆ ಹೋಗ್ಬಿಡುತ್ತೆ ಮ್ಯಾಮ್."

ನನ್ನ ಮೈಯೆಲ್ಲ ಉರಿದುಹೋಯಿತು. ಆಕೆಯ ಜೊತೆ ಬಣ್ಣ ಹಚ್ಚಿದವರನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಆಪ್ತತೆ ಕಾಪಾಡುವುದು ಯಾವ ಊರಿನ ನ್ಯಾಯ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಸುಮ್ಮನೆ ಹುಟ್ಟಿದ ಗಾದೆಯಲ್ಲ. ಇಷ್ಟೆಲ್ಲ ಮನಸ್ಸಿನಲ್ಲಿ ಅಂದುಕೊಂಡವಳು, ಕೌಂಟರಿನಲ್ಲಿದ್ದಾಗ ನಾನೂ ಹಬ್ಬದ ಹಿಂದಿನ ದಿನ ಎಷ್ಟು ಜನಕ್ಕೆ 'ಸೀಟಿಲ್ಲ ಮುಂದೆ ನಡೀರಿ' ಎಂದಿದ್ದೆ ಎನ್ನುವುದು ನೆನಪಾಗಿ ಫೋನು ಇಟ್ಟೆ. ಆದರೆ ನಾನು ಜೇನುತುಪ್ಪ ಸವರಿ ಹೇಳುತ್ತಿರಲಿಲ್ಲ, ಅದೊಂದು ನನ್ನ ಸಮಾಧಾನ.

ಮಾವನಿಗೆ ವಿಷಯ ಹೇಳಿದೆ. ಅವರಿಗೆ ಯಾವುದೂ ತಲೆಗೆ ಹೋಗಲಿಲ್ಲ.

"ಆಡೋಳು ಒಬ್ಳು. ಜಾಗ ಎಂಗ್ ಸಾಲ್ದೇ ಓಯ್ತು? ನಾವ್ ಇಪ್ಪತ್ ಜನ ಆಡ್ದಾಗ್ಲೂ ಜಾಗ ಇಲ್ಲ ಅಂದಿಲ್ಲ. ಗ್ವಾಡೆ ಮ್ಯಾಲೆ ಕುಂತ್ರು, ಮರದ್ ಮ್ಯಾಲೆ ಕುಂತ್ರು."

"ಅದು ಬಯಲು ಮಾವ. ಇದು ಗೋಡೌನು. ಒಂದು ಕೆಲಸ ಮಾಡೋಣ, ಪಂಕಜಮ್ಮನಿಗೇ ಹೇಳಿ ಕಳಿಸಿದ್ರೆ ಒಂದು ಪಾಸ್ ಕೊಡಿಸ್ತಾರೆ."

ಮಾವ ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿದರು. "ಹಾರ ಆಕಕ್ ಬಂದೋರು, ನಂಗೊಂದ್ ಜಾಗ ಕೊಡವ್ವ ಅಂತ ಅವ್ಳನ್ನೇ ಕೇಳ್ತಾರಾ? ನಾಚ್ಕೆ ಆಗಲ್ವಾ?"

"ಸರಿ, ಹಾಗಾದ್ರೆ ನಾಟಕ ಮುಗಿದ ಮೇಲೆ ಹೊರಗೆ ಬರ್ತಾರಲ್ಲ, ಆವಾಗ ಹಾಕಿ."

"ಮುಗುದ್ ಮ್ಯಾಲೆ ಆಕುದ್ರೆ ಅದು ಸನ್ಮಾನ ಕಣವ್ವ. ಶಾಲು ಒದ್ಸಿ, ಹಣ್ಣಿನ್ ಬುಟ್ಟಿ ಕೊಟ್ಟು ಎಲ್ರೂ ಮಾಡ್ತಾರೆ. ಪಾರ್ಟ್‌ನಲ್ಲಿರೋವಾಗ್ಲೇ ಆಕ್ಬೇಕು. ನಂಗೆ ಆಕುದ್ರಲ್ಲ ಅಂಗೆ. ನಾಟ್ಕ ನಿಲ್ಸಿ ನಿಲ್ಸಿ ನಂಗೆ ಆಕುದ್ರು. ಅವ್ಳು ಪಕ್ದಲ್ಲಿ ನಿಂತೇ ಇದ್ಲು. ನಾನ್ ಅವ್ಳ ಮಕ ನೋಡ್ತಿದ್ನಲ್ಲ."

ಇದನ್ನು ಹೇಳುವಾಗ ಮಾವ ನನ್ನ ಕಡೆ ನೋಡಲಿಲ್ಲ, ಫ್ರಿಜ್ಜಿನ ಕಡೆ ನೋಡುತ್ತಿದ್ದರು. ಆ ಗೋಡೌನಿನಲ್ಲಿ, ಉಸಿರೂ ಕೇಳಿಸುವ ಆ ಜಾಗದಲ್ಲಿ, ನಾಟಕದ ನಡುವೆ ಈ ಮನುಷ್ಯ ಹಾರ ಹಿಡಿದು ಎದ್ದರೆ ಗತಿಯೇನು? "ಮಾವ, ಅಲ್ಲಿ ಹಾಗೆಲ್ಲ ಎದ್ದು ಹೋಗಂಗಿಲ್ಲ. ಕೆಮ್ಮಂಗೂ ಇಲ್ಲ" ಎಂದೆ. ಮಾವ ಊಟಕ್ಕೆ ಕೂತು ಮೊಸರನ್ನದ ಜೊತೆ ಇನ್ನೊಂದು ಮೆಣಸಿನಕಾಯಿ ಕೇಳಿದರು.

ಸಂಜೆ ಟಿಕೆಟ್ಟಿಲ್ಲದೆಯೇ ಹೊರಟೆವು. ನಾನು ಜಗಳಕ್ಕೆ ತಯಾರಾಗಿ ಸೆರಗು ಬಿಗಿದು ಪಿನ್ನು ಹಾಕಿಕೊಂಡಿದ್ದೆ. ಗೋಡೌನಿನ ಮುಂದೆ ಕಾರುಗಳ ಸಾಲು. ಚನ್ನರಾಯಪಟ್ಟಣ, ಅರಕಲಗೂಡಿನಿಂದೆಲ್ಲ ಜನ ಬಂದಿದ್ದರು. ಖಾದಿ ಜುಬ್ಬ, ಕೈಮಗ್ಗದ ಸೀರೆ, ದೊಡ್ಡ ದೊಡ್ಡ ಬೊಟ್ಟು. ಪಂಕಜಮ್ಮನ ಪೋಸ್ಟರಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇವರಲ್ಲಿ ಒಬ್ಬರಾದರೂ ಆಕೆ ಊರೂರು ಅಲೆಯುವಾಗ ಒಂದು ಆಟ ನೋಡಿದ್ದರೇ? ಹಳ್ಳಿ ನಾಟಕವೆಂದರೆ ಮೂಗು ಮುರಿಯುತ್ತಿದ್ದ ಜನವೇ ಇದು. ಈಗ ಆಕೆ ಗೋಡೌನಿಗೆ ಬಂದು ಕಪ್ಪು ಗೋಡೆಯ ಮುಂದೆ ನಿಂತ ಮೇಲೆ ಇವರಿಗೆ ಕಣ್ಣು ಬಂತು. ಮುಂದಿನ ಸಾಲಿನ ಕುರ್ಚಿಗಳಿಗೆ 'ಕಾಯ್ದಿರಿಸಿದೆ' ಎಂದು ಚೀಟಿ ಬೇರೆ ಅಂಟಿಸಿದ್ದರು. ತಡವಾಗಿ ಬಂದವರಿಗೆ ಪ್ರವೇಶವಿಲ್ಲ ಎಂದು ಬಾಗಿಲಲ್ಲಿ ಬರೆದಿತ್ತು. ಬರೆದ ಬೋರ್ಡಿನ ಕೆಳಗೇ ಯಾರೋ ಅಧಿಕಾರಿಗಳು ಧಾರಾಳವಾಗಿ ತಡ ಮಾಡಿ ಬಂದು ಒಳಗೆ ಹೋದರು.

ನಾನು ಸುಹಾಸನನ್ನು ಹಿಡಿದು ನಿಲ್ಲಿಸಿದೆ. ಗಡ್ಡ, ಹಿಂದೆ ಜುಟ್ಟು, ಕಿವಿಗೊಂದು ವೈರು. ಏನು ಹೇಳಿದರೂ 'ಐ ಅಂಡರ್‌ಸ್ಟ್ಯಾಂಡ್ ಮ್ಯಾಮ್' ಎನ್ನುತ್ತಾನೆ, ಅಂಡರ್‌ಸ್ಟ್ಯಾಂಡ್ ಆದ ಲಕ್ಷಣ ಒಂದೂ ಕಾಣುವುದಿಲ್ಲ. ಅಷ್ಟರಲ್ಲಿ ಅವನಿಗೊಂದು ಫೋನು ಬಂತು. ಚನ್ನರಾಯಪಟ್ಟಣದಿಂದ ಬರುತ್ತಿದ್ದ ಯಾರದೋ ಕಾರು ಶಾಂತಿಗ್ರಾಮದ ಹತ್ತಿರ ಕೆಟ್ಟು ನಿಂತಿದೆಯಂತೆ, ಬರಲಾಗುವುದಿಲ್ಲವಂತೆ. ಒಂದೇ ಒಂದು ಸೀಟು. ಆ ಕಾರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

"ತಾತ ಒಬ್ರೇ ಹೋಗ್ಬಹುದು ಮ್ಯಾಮ್. ನೀವು ಹೊರಗಿರ್ಬೇಕಾಗುತ್ತೆ. ಆಮೇಲೆ, ಆ ಗಂಟು ಒಳಗೆ ಬೇಡ."

ಮಾವ ಬಾಳೆ ಎಲೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಹಾರವನ್ನು ಹೆಗಲ ಮೇಲೆ ಹಾಕಿಕೊಂಡು ಅದರ ಮೇಲೆ ಟವೆಲ್ಲು ಹೊದ್ದರು. ಗಂಟು ಹೋಯಿತು, ಹೆಗಲು ಸ್ವಲ್ಪ ದಪ್ಪಗಾಯಿತು, ಅಷ್ಟೆ. ಒಳಗೆ ಹೋದರು.

ಹೀಗೆ ಟಿಕೆಟ್ಟಿನ ಅಧಿದೇವತೆಯಾದ ನಾನು ಆಲೂಗಡ್ಡೆ ಗೋಡೌನಿನ ಹೊರಗೆ ಶಟರಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ, ಕೈಯಲ್ಲಿ ಖಾಲಿ ಬಾಳೆ ಎಲೆ ಹಿಡಿದು ಕೂತೆ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ತಗಡಿನ ಶಟರು, ಒಳಗಿನ ಮಾತೆಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಪಂಕಜಮ್ಮನ ದನಿಗೆ ವಯಸ್ಸಾಗಿತ್ತು, ಬಿರುಸು ಹೋಗಿರಲಿಲ್ಲ. ಬಸ್ಸಿನ ಕಂಡಕ್ಟರಾದರು, ಹಾರ್ಮೋನಿಯಂ ಮೇಷ್ಟ್ರಾದರು, ಮೈಕಿನಲ್ಲಿ ಕೂಗುವವರಾದರು. ಮಾತು ಮರೆತು ಗದೆ ಎತ್ತಿ ನಿಂತ ರಾಜನಾದರು. "ಹೌದು ಹೌದು" ಎಂದು ಗಂಡುದನಿಯಲ್ಲಿ ಅಂದಾಗ ಒಳಗಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆ ನಮ್ಮ ಮಾವನ ನಗುವೂ ಕೇಳಿಸಿತು, ಎಲ್ಲರಿಗಿಂತ ಜೋರಾಗಿ.

ಆಮೇಲೆ ಅವರ ದನಿ ತಗ್ಗಿತು.

"ಈಗ ಹಾರ ಆಕೋ ಒತ್ತು. ರಾಜಂಗೆ ಅಕ್ಕ ಬಂದ್ರು, ಬಾವ ಬಂದ್ರು, ಅತ್ತೆ ಮಾವ ಬಂದ್ರು. ನಾನು ಇಂಗೇ ಕೈ ಎತ್ಕಂಡು ನಿಂತಿರ್ತಿದ್ದೆ. ಇಳ್ಸಂಗಿಲ್ಲ. ಇಳ್ಸುದ್ರೆ ಮತ್ತೆ ಅಳು ಬರಲ್ಲ."

ಮತ್ತೆ ಮಾತಿಲ್ಲ. ಒಳಗೆ ಸದ್ದೇ ಇಲ್ಲ.

ಸುಹಾಸ ನನ್ನ ಪಕ್ಕ ಬಂದು ಬಗ್ಗಿ ಪಿಸುಗುಟ್ಟಿದ. "ಇಲ್ಲಿ ಲಾಂಗ್ ಸೈಲೆನ್ಸ್ ಇಟ್ಟಿದ್ದೀವಿ ಮ್ಯಾಮ್. ಯಾರೂ ಬರಲ್ಲ. ಅವರು ಸುಮ್ನೆ ನಿಂತಿರ್ತಾರೆ. ತುಂಬಾ ಪವರ್‌ಫುಲ್ ಆಗಿ ಬಂದಿದೆ."

ಅವನ ಮಾತು ಮುಗಿಯುವುದಕ್ಕೆ ಸರಿಯಾಗಿ ಒಳಗೆ ಒಂದು ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ನನಗೆ ತಿಳಿದುಹೋಯಿತು. ಯಾರೋ ಶ್‌ಶ್ ಎಂದರು. ಇನ್ನೊಬ್ಬರು "ಕೂತ್ಕೊಳ್ರೀ" ಎಂದರು. ಸುಹಾಸ ಕಿವಿಯ ವೈರು ಕಿತ್ತು ಬಾಗಿಲಿಗೆ ಹಾರಿದ. ಬೆಳಗಿನಿಂದ ಮಾವನನ್ನು ತಡೆಯಬೇಕೆಂದು ಹೆದರಿಕೊಂಡಿದ್ದವಳು ನಾನು. ಆ ಗಳಿಗೆಯಲ್ಲಿ ನನ್ನ ಕೈ ಹೋಗಿ ಹಿಡಿದದ್ದು ಸುಹಾಸನ ತೋಳನ್ನು.

"ಅಲ್ಲೇ ನಿಂತ್ಕೊ" ಎಂದೆ. ಕೌಂಟರಿನ ದನಿ ಇನ್ನೂ ಸತ್ತಿರಲಿಲ್ಲ. ಹುಡುಗ ನಿಂತ.

ಒಳಗೆ ಮುಂದಕ್ಕೆ ಸಾಗುತ್ತಿದ್ದ ಮಾವನ ಬರಿಗಾಲಿನ ಹೆಜ್ಜೆಗಳು ನಿಂತವು. ಪಂಕಜಮ್ಮನ ದನಿ ಕೇಳಿಸಿತು, ಆಟದ ದನಿಯಲ್ಲ, ಪಕ್ಕದ ಮನೆಯವರನ್ನು ಕೇಳುವ ದನಿ.

"ಗೌಡ್ರಾ? ಏನಂತ ಕೂಗ್ಲಿ ಗೌಡ್ರೆ?"

"ಅಣ್ಣ ಅನ್ನವ್ವ."

ಆಕೆ ಗಂಟಲು ಸರಿಮಾಡಿಕೊಂಡು, ಬಯಲಿನ ಕೊನೆಯ ಸಾಲಿಗೂ ಕೇಳಬೇಕು ಎಂಬಂತೆ ಕೂಗಿದರು. "ಪಾತ್ರಧಾರಿಗಳಾದ ಅರಕಲಗೂಡು ಪಂಕಜಮ್ಮನವರಿಗೆ ಅವರ ಅಣ್ಣನವರಾದ ಹಳ್ಳಿಮೈಸೂರು ಹೋಬಳಿಯ ನಂಜೇಗೌಡರಿಂದ ಹೂವಿನ ಹಾರ."

ತಗಡಿನ ಶಟರು ಆ ಕೂಗಿಗೆ ಗುಂಯ್‌ಗುಟ್ಟಿತು. ನನ್ನ ಕಣ್ಣಲ್ಲಿ ನೀರು ತುಂಬಿ ಎದುರಿನ ಕಾರುಗಳೆಲ್ಲ ಕಲಸಿಹೋದವು. ಒಳಗೆ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಪಂಕಜಮ್ಮ ಬಿಟ್ಟ ಮಾತಿಗೆ ಮರಳಿದ್ದರು. ರಾಣಿ ಅಳುತ್ತಿದ್ದಳು. ಹಾರ ಹಾಕಿದ ಮೇಲೆ ನಾಟಕ ಮುಂದುವರಿಯಬೇಕಲ್ಲ, ಅದೂ ಪದ್ಧತಿಯೇ.

ಆಟ ಮುಗಿದು ಜನ ಹೊರಗೆ ಬಂದಾಗ ಮಾವನನ್ನು ಮುತ್ತಿಕೊಂಡರು. ಜುಬ್ಬದವರೊಬ್ಬರು ಕೈ ಕುಲುಕಿ, "ಎಷ್ಟು ನ್ಯಾಚುರಲ್ಲಾಗಿ ಮಾಡಿದ್ರಿ ಸಾರ್, ಪ್ರೇಕ್ಷಕರ ಮಧ್ಯದಿಂದ ಎದ್ದು ಬಂದ ಆ ಐಡಿಯಾ ಅದ್ಭುತ" ಎಂದರು. ಎಮ್ಮೆ ಮಾರಿ ಪಾರ್ಟು ಮಾಡಿದರೂ ಮಾವನ ಆಕ್ಟಿಂಗನ್ನು ಹೊಗಳಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ಮಾವನಿಗೆ ಸಂತೋಷವಾಗಲಿಲ್ಲ. "ನಾನೇನ್ ಆಕ್ಟ್ ಮಾಡ್ಲಿಲ್ಲ ಸಾ" ಎಂದು ಕೈ ಬಿಡಿಸಿಕೊಂಡರು. ಅವರೂ ನಕ್ಕು, ಅದನ್ನೂ ಆಕ್ಟಿಂಗ್ ಎಂದುಕೊಂಡು ಹೋದರು.

ಸುಹಾಸ ಓಡಿ ಬಂದ. ಮುಖದಲ್ಲಿ ಎಲ್ಲಿಲ್ಲದ ಕಳೆ.

"ತಾತ, ನಾಳೆ ಶೋಗೂ ಬರ್ತೀರಾ? ಅದೇ ಜಾಗದಲ್ಲಿ, ಹಾಗೇ ಎದ್ದು ಬನ್ನಿ. ಸೀಟು ನಾನು ಇಟ್ಟಿರ್ತೀನಿ. ಹಾರಾನೂ ನಾವೇ ತರಿಸ್ತೀವಿ."

ನೋಡಿದಿರಾ. ಬೆಳಿಗ್ಗೆ ಸ್ಟೂಲು ಹಾಕಿದರೆ ಹೋಗುತ್ತಿದ್ದ ಆಪ್ತತೆ ಈಗ ಹೋಗುವುದಿಲ್ಲ. ತುಂಬಿದ ಗೋಡೌನಿನಲ್ಲಿ ನಾಳೆಗೆ ಸೀಟು ಹುಟ್ಟಿಕೊಂಡಿತು. ನಾನು ಬಾಯಿ ತೆಗೆಯುವಷ್ಟರಲ್ಲಿ ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಅವನ ಕಡೆ ತಿರುಗಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ, ಆದರೆ ದನಿ ಏರಲಿಲ್ಲ.

"ನಂದು ನಾನ್ ಆಕಾಯ್ತು ಕಣಪ್ಪ. ಒಳಗೆ ಅಷ್ಟ್ ಜನ ಕುಂತಿದ್ರು. ಅವ್ಳು ಬರೀ ಕೊರಳಲ್ಲಿ ನಿಂತಿದ್ಲು ಅಂತ ಎಲ್ರೂ ಕಣ್ಣೊರ್ಸ್ಕತಾ ಇದ್ರು. ಒಬ್ರ ಕೈಲೂ ಒಂದ್ ಮೊಳ ಊವ ಇರ್ಲಿಲ್ಲ. ನಮ್ಮೂರಲ್ಲಿ ಅವ್ಳಿಗೆ ನೆಂಟ್ರಿರ್ಲಿಲ್ಲ, ಸರಿ, ತಪ್ಪು ನಮ್ದು. ನಿಮ್ಮೂರಲ್ಲಿ ಯಾರವ್ರಪ್ಪ? ನಾಳೀಕೆ ನೀನೇ ಆಕು."

ಸುಹಾಸನಿಗೆ ಬೈಯಬೇಕೆಂದು ಬೆಳಗಿನಿಂದ ನಾನು ಕೂಡಿಟ್ಟುಕೊಂಡಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನೂ ಮನೆಯಿಂದ ಬರಿಗೈಯಲ್ಲೇ ಬಂದಿದ್ದೆನಲ್ಲ. ಸುಮ್ಮನೆ ಮಾವನ ಹಿಂದೆ ರಸ್ತೆಗಿಳಿದೆ.